ಡಿಜೆ ಪಾಠಕ್ಕೆ ಫೀ ಕಟ್ಟಬೇಕೇ?

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಹಿಂದೆ ಟ್ರೇಲರ್ ತುಂಬ ಕಬ್ಬು, ಚಾಲಕನ ಬೆನ್ನಿಗೆ ಸ್ಪೀಕರ್ ಪೆಟ್ಟಿಗೆ, ಅದರಲ್ಲಿ ಜಾನಪದ ಹಾಡಿನ ಡಿಜೆ ರಿಮಿಕ್ಸ್. ಮದುವೆ ಮೆರವಣಿಗೆ, ಗಣಪತಿ ಕಳಿಸುವ ದಿನ, ಊರ ಜಾತ್ರೆ, ಎಲ್ಲಕ್ಕೂ ಇದೇ ಸೌಂಡ್. ಈ ಹಾಡುಗಳಿಗೆ ಬೀಟ್ ಕೂಡಿಸುವವರನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ; ಬಹುಪಾಲು ಇದೇ ಸೀಮೆಯ ಹುಡುಗರು. ಹಾಡಿನ ನಡುನಡುವೆ ‘ಡಿಜೆ’ ಎಂದು ತಮ್ಮ ಹೆಸರನ್ನೂ ಬೆನ್ನಿಗೆ ಊರ ಹೆಸರನ್ನೂ ಕೂಗಿಸುತ್ತಾರೆ. ಒಂದು ಲ್ಯಾಪ್‌ಟಾಪ್, ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರ್, ಗೆಳೆಯನ ಪೆನ್‌ಡ್ರೈವಿನಿಂದ ಬಂದ ಸ್ಯಾಂಪಲ್ ಕಂತೆ, ಯೂಟ್ಯೂಬ್: ಇಷ್ಟೇ ಅವರ ಶಾಲೆ.

ಈಗ ಅದೇ ಹುಡುಗರ ಮೊಬೈಲಿಗೆ ಜಾಹೀರಾತು ಬರುತ್ತಿದೆ. ಎಲೆಕ್ಟ್ರಾನಿಕ್ ಸಂಗೀತ ನಿರ್ಮಾಣ ಕಲಿಯಿರಿ, ಮನೆಯಲ್ಲೇ ಕೂತು ಪ್ರೊಡ್ಯೂಸರ್ ಆಗಿ, ಕೊನೆಗೆ ಸರ್ಟಿಫಿಕೇಟ್. ಐದುನೂರು ರೂಪಾಯಿಯ ಪಾಠದಿಂದ ಹಿಡಿದು ಅಪ್ಪ ಬ್ಯಾಂಕಿಗೆ ಓಡಾಡಬೇಕಾದಷ್ಟು ಫೀಯವರೆಗೆ. ಇಲ್ಲಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಮುಂಬೈಯ ಅಕಾಡೆಮಿಗಳೂ ದೂರದ ಮಾತೇ. ಬನಹಟ್ಟಿಯ ಮಗ್ಗದ ಓಣಿಯ ಹುಡುಗನಿಗೆ ಆನ್‌ಲೈನ್ ಬಿಟ್ಟರೆ ಬೇರೆ ಬಾಗಿಲು ಇಲ್ಲ ಎನ್ನುವುದು ನಿಜ. ಆ ಬಾಗಿಲಿಗೆ ಎಷ್ಟು ಕೊಡಬೇಕು ಎನ್ನುವುದು ಪ್ರಶ್ನೆ. ಬರೀ ವಿಡಿಯೋಗಳಿಗೆ ದುಡ್ಡು ಕೊಡುವ ಅಗತ್ಯ ಬಹುಮಟ್ಟಿಗೆ ಇಲ್ಲ. ಕಲಿಯುವವನ ಹಾಡನ್ನು ಕೂತು ಕೇಳುವ ಕಿವಿಗೆ ಮಾತ್ರ ಕೊಡಬಹುದು.

ಮೊದಲು ಅಗ್ಗದ ಕೋರ್ಸುಗಳನ್ನು ನೋಡೋಣ. ಯುಡೆಮಿಯಂಥ ತಾಣದಲ್ಲಿ ಸಾವಿರಾರು ರೂಪಾಯಿ ಎಂದು ಬರೆದ ಪಾಠ ವರ್ಷದಲ್ಲಿ ಎಷ್ಟೋ ಸಲ ನೂರುಗಳ ಲೆಕ್ಕಕ್ಕೆ ಇಳಿಯುತ್ತದೆ. ಒಳಗೆ ಏನಿದೆ? ಸಾಫ್ಟ್‌ವೇರ್ ತೆರೆಯುವುದು, ಕಿಕ್ ಹಾಕುವುದು, ಪಿಯಾನೊ ರೋಲಿನಲ್ಲಿ ಸ್ವರ ಬರೆಯುವುದು, ಈಕ್ವಲೈಸರ್, ಕಂಪ್ರೆಸರ್, ರಿವರ್ಬ್. ಇವೆಲ್ಲ ಯೂಟ್ಯೂಬಿನಲ್ಲಿ ಪುಕ್ಕಟೆ ಇವೆ, ಕೆಲವು ಇನ್ನೂ ಚೆನ್ನಾಗಿವೆ. ಏಬಲ್ಟನ್ ಕಂಪನಿಯೇ ಸಂಗೀತದ ಮೊದಲ ಪಾಠಗಳನ್ನೂ ಸಿಂಥಸೈಜರಿನ ಪಾಠಗಳನ್ನೂ ಬ್ರೌಸರಿನಲ್ಲೇ ಬೆರಳಾಡಿಸಿ ಕಲಿಯುವಂತೆ ಉಚಿತವಾಗಿ ಇಟ್ಟಿದೆ. ಅವರ ಸಾಫ್ಟ್‌ವೇರ್ ಕೊಳ್ಳದವರೂ ಕಲಿಯಬಹುದು. ಅಗ್ಗದ ಕೋರ್ಸಿಗೆ ಒಂದು ಗುಣ ಉಂಟು: ಕ್ರಮ. ಯೂಟ್ಯೂಬಿನಲ್ಲಿ ಒಂದು ವಿಡಿಯೋ ಇನ್ನೊಂದಕ್ಕೆ ಎಳೆಯುತ್ತದೆ, ಮೂರು ತಿಂಗಳಾದರೂ ಹುಡುಗ ಪ್ಲಗಿನ್ ಹೋಲಿಕೆಯಲ್ಲೇ ಇರುತ್ತಾನೆ. ಒಂದರ ನಂತರ ಒಂದು ಎಂದು ಯಾರಾದರೂ ಜೋಡಿಸಿಕೊಟ್ಟರೆ ಐದುನೂರು ರೂಪಾಯಿ ದಂಡವಲ್ಲ. ಆದರೆ ಅದರ ಕೊನೆಗೆ ಸಿಗುವ ಸರ್ಟಿಫಿಕೇಟನ್ನು ನಂಬಿ ಕೊಡಬಾರದು. ಸೌಂಡ್ ಗಾಡಿಯ ಮಾಲೀಕನಾಗಲಿ ಸಿನಿಮಾ ಸ್ಟುಡಿಯೋದವರಾಗಲಿ ಆ ಕಾಗದ ಕೇಳುವುದಿಲ್ಲ, ಹಾಡು ಹಾಕಿ ತೋರಿಸು ಎನ್ನುತ್ತಾರೆ.

ದೊಡ್ಡ ಹೆಸರಿನ ಕೋರ್ಸುಗಳದ್ದು ಬೇರೆ ಕಥೆ. ಕೆನಡಾದ ಪ್ರೊಡ್ಯೂಸರ್ ಡೆಡ್‌ಮೌಸ್ ಮಾಸ್ಟರ್‌ಕ್ಲಾಸ್ ತಾಣದಲ್ಲಿ ಕಲಿಸುವ ಪಾಠ ಜಗತ್ತಿನಾದ್ಯಂತ ಪ್ರಸಿದ್ಧ. ಗೋಡೆ ತುಂಬ ಮಾಡ್ಯುಲರ್ ಸಿಂಥ್ ಜೋಡಿಸಿಕೊಂಡ ಮನುಷ್ಯ ತಾನು ಹೇಗೆ ಯೋಚಿಸುತ್ತೇನೆ ಎಂದು ಮಾತಾಡುತ್ತಾನೆ. ಕೇಳಲು ಸೊಗಸು, ಹುರುಪೂ ಬರುತ್ತದೆ. ಆದರೆ ಕೈಹಿಡಿದು ಮೊದಲ ಹಾಡು ಮಾಡಿಸುವ ಪಾಠ ಅದಲ್ಲ. ಈಗಾಗಲೇ ನಾಲ್ಕಾರು ವರ್ಷ ದುಡಿದವನಿಗೆ ಅದರಲ್ಲಿ ಹೆಕ್ಕಿಕೊಳ್ಳಲು ಸಿಗುತ್ತದೆ, ಹೊಸಬನಿಗೆ ಕಡಿಮೆ.

ಇವೆರಡಕ್ಕಿಂತ ಮೇಲಿನ ಎರಡು ಮಾದರಿಗಳಿವೆ. ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಿನ ಲೌಡನ್ ಸ್ಟರ್ನ್ಸ್ ಕೋರ್ಸೆರಾದಲ್ಲಿ ಸಂಗೀತ ನಿರ್ಮಾಣದ ಪರಿಚಯ ಪಾಠ ಶುರು ಮಾಡಿದಾಗ ಹೋಂವರ್ಕ್ ವಿಚಿತ್ರವಾಗಿತ್ತು. ಆ ವಾರ ಕಲಿತದ್ದರಲ್ಲಿ ಒಂದನ್ನು ವಿದ್ಯಾರ್ಥಿಯೇ ಪಾಠವಾಗಿ ಮಾಡಿ ಹಾಕಬೇಕು; ಉಳಿದ ವಿದ್ಯಾರ್ಥಿಗಳು ಅದನ್ನು ನೋಡಿ ಅಂಕ ಕೊಡುತ್ತಾರೆ. ಇನ್ನೊಬ್ಬನಿಗೆ ಕಂಪ್ರೆಸರ್ ವಿವರಿಸಲು ಕೂತವನಿಗೆ ತನಗೆ ಎಲ್ಲಿ ಗೊತ್ತಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಎರಡನೆಯದು ಸಿಂಟೋರಿಯಲ್ ಎಂಬ ಸಾಫ್ಟ್‌ವೇರ್. ಇದು ಒಂದು ಧ್ವನಿ ನುಡಿಸುತ್ತದೆ, ಅದನ್ನು ಹುಟ್ಟಿಸಿದ ಗುಂಡಿಗಳನ್ನು ತೋರಿಸುವುದಿಲ್ಲ. ಕಲಿಯುವವನು ಬರೀ ಕಿವಿಯಿಂದ ಅದೇ ಧ್ವನಿಯನ್ನು ಸಿಂಥಿನಲ್ಲಿ ಕಟ್ಟಬೇಕು. ಫಿಲ್ಟರ್ ಎಷ್ಟು ತೆರೆದಿದೆ, ಧ್ವನಿ ಎಷ್ಟು ಬೇಗ ಏರಿ ಎಷ್ಟು ನಿಧಾನ ಇಳಿಯುತ್ತದೆ, ಎರಡು ಆಸಿಲೇಟರ್‌ಗಳ ಶ್ರುತಿ ಎಷ್ಟು ಸರಿದಿದೆ, ತಪ್ಪಿದರೆ ಅಲ್ಲೇ ತಿಳಿಯುತ್ತದೆ. ನೂರು ವಿಡಿಯೋ ನೋಡಿದರೂ ಬಾರದ ಕೌಶಲ ಇದು, ದುಡ್ಡಿಗೆ ತಕ್ಕ ಸರಕು. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ನಡೆಯುತ್ತದೆ, ಏಕೆಂದರೆ ಪರೀಕ್ಷೆ ಕಿವಿಗೆ. ಹಿಂದಿ ತಿಳಿದವರಿಗೆ ಮುಂಬೈಯ ಲಾಸ್ಟ್ ಸ್ಟೋರೀಸ್ ಎಂಬ ಡಿಜೆ ಜೋಡಿ ನಡೆಸುವ ಅಕಾಡೆಮಿಯಂಥವೂ ಆನ್‌ಲೈನ್ ತರಗತಿ ತೆರೆದಿವೆ. ಸೇರುವ ಮೊದಲು ಅಲ್ಲಿ ಕೇಳಬೇಕಾದದ್ದು ಒಂದೇ: ನನ್ನ ಹಾಡನ್ನು ಯಾರು, ಎಷ್ಟು ಸಲ ಕೇಳುತ್ತಾರೆ?

ಕೇಳುವ ಕಿವಿ ಯಾಕಿಷ್ಟು ಮುಖ್ಯ ಎಂಬುದು ಕಿಕ್‌ನಲ್ಲಿ ಗೊತ್ತಾಗುತ್ತದೆ. ರಬಕವಿಯ ಹತ್ತು ಅಡಿ ಕೋಣೆಯಲ್ಲಿ ಹುಡುಗನೊಬ್ಬ ಕಿಕ್‌ನ ಬೇಸ್ ಕೂಡಿಸುತ್ತಿದ್ದಾನೆ ಎನ್ನಿ. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 22 ಅಡಿ. ಅಷ್ಟು ಉದ್ದದ ಅಲೆ ಆ ಕೋಣೆಯಲ್ಲಿ ಗೋಡೆಗೆ ಬಡಿದು ಬಡಿದು ಒಂದು ಮೂಲೆಯಲ್ಲಿ ಉಬ್ಬುತ್ತದೆ, ನಡುವೆ ಸೊರಗುತ್ತದೆ. ಹುಡುಗ ಕೂತದ್ದು ಸೊರಗಿದ ಜಾಗದಲ್ಲಾದರೆ ಬೇಸ್ ಸಾಲದು ಎಂದು ಏರಿಸುತ್ತಾನೆ. ಮೊಬೈಲಿನ ಸ್ಪೀಕರಿನಲ್ಲಿ ಪರೀಕ್ಷಿಸಿದರೆ ಇನ್ನೂ ಮೋಸ, ಅಷ್ಟು ಕೆಳಗಿನ ಧ್ವನಿ ಅದರಿಂದ ಹೊರಡುವುದೇ ಇಲ್ಲ. ಆಮೇಲೆ ಹಾಡು ಗಾಡಿಗೆ ಏರುತ್ತದೆ, ಬಯಲಲ್ಲಿ ಗೋಡೆ ಇಲ್ಲ, ಸಾಲು ಸಾಲು ಹದಿನೆಂಟು ಇಂಚಿನ ಸ್ಪೀಕರ್. ಬೇಸ್ ಗುಡುಗುತ್ತದೆ, ಹಾಡುಗಾರನ ಮಾತು ಮುಳುಗುತ್ತದೆ. ಹಾಡು ಅಗಲವಾಗಿ ಕೇಳಲಿ ಎಂದು ಎಡ–ಬಲ ಎಳೆದ ಸಿಂಥ್, ಎರಡು ಚಾನೆಲ್ ಕೂಡಿ ಮೊನೊ ಆದಾಗ ಒಂದನ್ನೊಂದು ತಿಂದು ಮಾಯವಾಗುತ್ತದೆ. ಈ ನಿಯಮಗಳನ್ನೆಲ್ಲ ಕೋರ್ಸುಗಳು ಹೇಳುತ್ತವೆ. ನೇರವಾಗಿ ಹೇಳುತ್ತವೆ ಕೂಡ. ಆದರೆ ‘ನಿನ್ನ ಈ ಹಾಡಿನಲ್ಲಿ, ಎರಡನೇ ಚರಣದಲ್ಲಿ, ಕಿಕ್ ಮತ್ತು ಬೇಸ್ ಒಂದೇ ಜಾಗಕ್ಕೆ ಬಿದ್ದಿವೆ’ ಎಂದು ಹೇಳಲು ಒಬ್ಬ ಮನುಷ್ಯ ಬೇಕು. ಅವನ ಅರ್ಧ ಗಂಟೆಗೆ ಫೀ ಕೊಟ್ಟರೆ ಅದು ಪೂರಾ ಕೋರ್ಸಿಗಿಂತ ಹೆಚ್ಚು ಕಲಿಸುತ್ತದೆ.

ಇನ್ನು ಯಾವ ಕೋರ್ಸೂ ಕಲಿಸದ ಭಾಗ. ಈ ಸೀಮೆಯ ಮಟ್ಟಿಗೆ ಅದೇ ದೊಡ್ಡದು.

ಪಾಠಗಳೆಲ್ಲ ಸಾಮಾನ್ಯವಾಗಿ ಶುರುವಾಗುವುದು ನಿಮಿಷಕ್ಕೆ 120–128 ಬೀಟ್‌ನ ಹೌಸ್ ಸಂಗೀತದಿಂದ: ನಾಲ್ಕು ಏಟು, ಅಚ್ಚುಕಟ್ಟಾದ ಚೌಕಳಿ. ಈ ಸೀಮೆಯ ವಾದ್ಯಮೇಳ ಕರಡಿ ಮಜಲು ಹಾಗಿಲ್ಲ. ಕರಡಿ ಎಂಬ ಚರ್ಮವಾದ್ಯ, ಶಹನಾಯಿ, ತಾಳ ಮೂರೂ ಕೂಡಿ ನಿಧಾನಕ್ಕೆ ಹೊರಟು ಬಿರುಸಾಗುತ್ತವೆ. ಗತಿ ಬೆಳೆಯುವುದರಲ್ಲೇ ಅದರ ಸುಖ ಇದೆ. ಬೆಂಕಿಗೆ ಹಿಡಿದು ಕಾಯಿಸಿದ ಹಲಗಿಯ ಧ್ವನಿ ಆರುತ್ತಾ ಆರುತ್ತಾ ಇಳಿಯುತ್ತದೆ. ಸ್ಯಾಂಪಲ್ ಕಂತೆಯ ಹಲಗಿ ಯಾವತ್ತೂ ಒಂದೇ ಮಟ್ಟ. ಕ್ಲಿಕ್ ಟ್ರ್ಯಾಕ್ ಇಲ್ಲದೆ ಹಾಡಿದ ಜಾನಪದ ಹಾಡನ್ನು ಚೌಕಳಿಗೆ ಕೂಡಿಸಲು ಹುಡುಗರು ಹಾಡನ್ನು ತುಂಡು ತುಂಡು ಮಾಡಿ ಎಳೆದು ಹೊಂದಿಸುತ್ತಾರೆ, ಹಾಡುಗಾರ ಉಸಿರು ತೆಗೆದುಕೊಂಡ ಜಾಗವೇ ಕತ್ತರಿಸಿ ಹೋಗುತ್ತದೆ. ಹಾಡಿನ ಗತಿಗೆ ತಕ್ಕಂತೆ ಸಾಫ್ಟ್‌ವೇರಿನ ಟೆಂಪೊವನ್ನೇ ಏರಿಳಿಸಬಹುದು, ಆ ಅನುಕೂಲ ಎಫ್‌ಎಲ್‌ನಲ್ಲೂ ಇದೆ. ಅದನ್ನು ಹೀಗೆ ಬಳಸಬೇಕು ಎಂದು ಕಲಿಸಲು ಕರಡಿ ಮಜಲು ಕೇಳಿದ ಗುರು ಬೇಕು.

ಶಹನಾಯಿಯದ್ದು ಇನ್ನೂ ಸೂಕ್ಷ್ಮ. ಬೀಳಗಿಯವರಾದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ ಬಂದ 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. ಆ ವಾದ್ಯದ ಜೀವ ಇರುವುದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲಿ. ಕೀಬೋರ್ಡಿನ ಪಿಚ್ ಬೆಂಡ್ ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟೇ ಹೋಗುತ್ತದೆ. ಆ ಜಾರು, ಅಂದರೆ ಮೀಂಡ್, ಬೇಕಾದರೆ ಸಿಂಥಿನಲ್ಲೂ ಸಾಫ್ಟ್‌ವೇರಿನಲ್ಲೂ ಅದನ್ನು ಹಿಗ್ಗಿಸಿಕೊಳ್ಳಬೇಕು. ಎಫ್‌ಎಲ್ ಸ್ಟುಡಿಯೋದ ಪಿಯಾನೊ ರೋಲಿನಲ್ಲಿ ಜಾರುವ ಸ್ವರ ಬರೆಯಬಹುದು, ಆದರೆ ಅದು ಎಫ್‌ಎಲ್‌ನದೇ ಪ್ಲಗಿನ್‌ಗಳಲ್ಲಿ ನಡೆಯುತ್ತದೆ, ಹೊರಗಿನವುಗಳಲ್ಲಿ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ರಿಮಿಕ್ಸ್‌ಗಳಲ್ಲಿ ಶಹನಾಯಿ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ. ಪರದೇಶದ ಕೋರ್ಸು ಈ ಮಾತು ಎತ್ತುವುದೇ ಅಪರೂಪ, ಅದರ ಸಂಗೀತಕ್ಕೆ ಬೇಕಿಲ್ಲ.

ಭಾರತದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ದಾರಿ ಮೊದಲು ತುಳಿದವರನ್ನು ನೋಡಿದರೂ ನಮ್ಮ ಸಂಗೀತದ ತಿಳಿವಳಿಕೆಯೇ ಮುಖ್ಯ ಎಂದು ಕಾಣುತ್ತದೆ. ಬಾಂಬೆಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂಡಿಸಿದ. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಆ ಆಲ್ಬಮ್ ಮತ್ತೆ ಹೊರಬಂದಾಗ, ಶಿಕಾಗೋದ ಆ್ಯಸಿಡ್ ಹೌಸ್‌ಗೂ ಮೊದಲೇ ಅದೇ ಧ್ವನಿ ಇಲ್ಲಿ ಹುಟ್ಟಿತ್ತು ಎಂದು ಜಗತ್ತು ಬೆರಗಾಯಿತು. ಅವನ ಬಳಿ ರಾಗದ ತಿಳಿವಳಿಕೆ ಇತ್ತು, ಯಂತ್ರ ಅದರ ಬೆನ್ನಿಗೆ ಬಂತು. ಅದಕ್ಕೂ ಹಿಂದೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಾಗ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಖುದ್ದಾಗಿ ಬಂದು ಅದನ್ನು ಜೋಡಿಸಿ, ಗೀತಾ ಸಾರಾಭಾಯಿ ಮೊದಲಾದವರ ಜೊತೆ ಕೂತ. ಅಲ್ಲಿ ಕಲಿಕೆ ಪಕ್ಕದಲ್ಲಿ ಕೂತವರಿಂದ ಬಂತು.

ಹಣದ ಲೆಕ್ಕಕ್ಕೆ ಬಂದರೆ, ಕೋರ್ಸಿಗೆ ಇಟ್ಟ ದುಡ್ಡು ಮೊದಲು ಬೇರೆಡೆ ಹೋಗಬೇಕು. ಎಫ್‌ಎಲ್‌ನ ಟ್ರಯಲ್‌ನಲ್ಲಿ ಕೆಲಸ ಉಳಿಸಬಹುದು, ಆದರೆ ಖರೀದಿಸುವವರೆಗೆ ಉಳಿಸಿದ್ದನ್ನು ಮತ್ತೆ ತೆರೆಯಲು ಬಿಡುವುದಿಲ್ಲ. ಅದಕ್ಕೇ ಹುಡುಗರು ಕ್ರ್ಯಾಕ್ ಹುಡುಕಿ ಹೋಗುತ್ತಾರೆ, ಜೊತೆಗೆ ವೈರಸ್ಸೂ ಬರುತ್ತದೆ, ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದೇ ರಾತ್ರಿ ಹೋಗುತ್ತದೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ ಎಂಬುದು ಆ ಕಂಪನಿಯ ದೊಡ್ಡ ಗುಣ. ಅಷ್ಟೂ ಆಗದವರಿಗೆ ರೀಪರ್ ಇದೆ: 60 ದಿನ ಪೂರಾ ಬಳಸಿ ನೋಡಬಹುದು, ಸಣ್ಣ ಬಳಕೆದಾರರಿಗೆ ಲೈಸೆನ್ಸ್ 60 ಡಾಲರ್. ಬ್ಯಾಂಡ್‌ಲ್ಯಾಬ್ ಮೊಬೈಲಿನಲ್ಲೇ ಪುಕ್ಕಟೆ ನಡೆಯುತ್ತದೆ. ಇದರ ನಂತರ ಬೇಸ್ ಉಬ್ಬಿಸದ ಒಂದು ಹೆಡ್‌ಫೋನ್, ಒಂದು ಮೈಕ್. ಮೈಕ್ ಇದ್ದವನು ಊರಿನ ಹಲಗಿಯವರನ್ನು ಕೂರಿಸಿಕೊಂಡು ತನ್ನದೇ ಸ್ಯಾಂಪಲ್ ಮಾಡಿಕೊಳ್ಳಬಹುದು, ಅವರಿಗೆ ಸಂಭಾವನೆ ಕೊಟ್ಟು. ಪವರ್‌ಲೂಮ್ ಸದ್ದು ನಿಂತ ಹೊತ್ತು ನೋಡಿಕೊಂಡು ಮಾಡಬೇಕು, ಅಷ್ಟೇ.

ಹಕ್ಕುಗಳ ವಿಷಯದಲ್ಲೂ ಪರದೇಶದ ಪಾಠ ಕೈಕೊಡುತ್ತದೆ. ಇನ್ನೊಬ್ಬರ ರೆಕಾರ್ಡಿಂಗ್ ಎತ್ತಿ ಬೀಟ್ ಕೂಡಿಸಿದರೆ ಅದರ ಹಕ್ಕುದಾರರ ಒಪ್ಪಿಗೆ ಬೇಕು. ಕವರ್ ಹಾಡಿಗೆ ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಮೂಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯಬೇಕು. ಹಾಗೆಯೇ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಲ್ಲಿಸಬೇಕು ಎನ್ನುತ್ತವೆ, ಗಣಪತಿ ಹಬ್ಬ ಬಂದಾಗ ಪೊಲೀಸರೂ ಡಿಜೆಗಳೂ ಎದುರುಬದುರಾಗುವುದು ಇದಕ್ಕೇ. ಸೌಂಡ್ ತಗ್ಗಿಸಬೇಕಾಗಿ ಬಂದಾಗ ಕಡಿಮೆ ಮಟ್ಟದಲ್ಲೂ ತುಂಬಿ ಕೇಳುವಂತೆ ಮಿಕ್ಸ್ ಮಾಡುವುದು ಈ ಸೀಮೆಯ ಪ್ರೊಡ್ಯೂಸರಿಗೆ ಅನ್ನದ ಪ್ರಶ್ನೆ.

ಹಾಗಾದರೆ ಇಲ್ಲಿ ಫೀ ಕಟ್ಟಬಹುದಾದ ಕೋರ್ಸು ಹೇಗಿರಬೇಕು? ಪಾಠ ಕನ್ನಡದಲ್ಲಿ, ಉತ್ತರ ಕರ್ನಾಟಕದ ಮಾತಿನಲ್ಲಿ ಇರಲಿ. ಹದಿನೈದು ದಿನಕ್ಕೊಮ್ಮೆ ಪ್ರತಿ ವಿದ್ಯಾರ್ಥಿಯ ಹಾಡನ್ನು ಎಲ್ಲರೆದುರು ಕೇಳಿ ತಿದ್ದಲಿ. ಒಂದು ಪಾಠ ಕರಡಿ ಮಜಲಿನ ಗತಿಯ ಮೇಲೆ, ಒಂದು ಶಹನಾಯಿಯ ಮೀಂಡಿನ ಮೇಲೆ, ಒಂದು ಬಯಲಿನ ಸ್ಪೀಕರಿಗೆ ಬೇಸ್ ಹೊಂದಿಸುವುದರ ಮೇಲೆ ಇರಲಿ. ಇದನ್ನು ನಡೆಸಬಲ್ಲವರು ಈಗಾಗಲೇ ಜಮಖಂಡಿ, ಬನಹಟ್ಟಿಗಳಲ್ಲಿ ಗಾಡಿಗೆ ಹಾಡು ಮಾಡಿಕೊಡುತ್ತಿದ್ದಾರೆ. ಅವರಲ್ಲಿ ಇಬ್ಬರು ಮೂವರು ಕೂಡಿ ಗಣಪತಿ ಹಬ್ಬದ ಗದ್ದಲ ಮುಗಿದು ಮದುವೆಯ ದಿನಗಳು ಶುರುವಾಗುವ ಮೊದಲಿನ ವಾರಗಳಲ್ಲಿ, ಒಬ್ಬ ಕರಡಿ ವಾದಕರನ್ನೂ ಒಬ್ಬ ಶಹನಾಯಿಯವರನ್ನೂ ಜೊತೆಗೆ ಕೂರಿಸಿಕೊಂಡು ಇಂಥ ತರಗತಿ ತೆರೆದರೆ, ಎರಡು ಸಾವಿರ ರೂಪಾಯಿ ಕೊಡಲು ಹುಡುಗರು ಹಿಂದೆ ಮುಂದೆ ನೋಡಬೇಕಾಗಿಲ್ಲ.