ಓಲತುಂಜಿಯವರ ಷಟ್ಪಾಟಾಕ್ಷರ ವಿಮರ್ಶೆ

ಅವನದ್ಧವಾದ್ಯದ ಪ್ರಹಾರಗಳನ್ನು ವರ್ಣಗಳಿಂದ ಗುರುತಿಸುವ ಪದ್ಧತಿಯು ನಮ್ಮಲ್ಲಿ ಭರತನಷ್ಟು ಹಳೆಯದು. ನಾಟ್ಯಶಾಸ್ತ್ರದ ಪುಷ್ಕರಾಧ್ಯಾಯದಲ್ಲಿ ಕಕಾರಾದಿಯಾಗಿ ಹದಿನಾರು ವರ್ಣಗಳು ಹೇಳಲ್ಪಟ್ಟಿವೆ. ಇದೇ ಉಪಾಯವನ್ನು ಅಮೆರಿಕದಲ್ಲಿ ಆಫ್ರಿಕ ಮೂಲದ ಜನರ ನಡುವೆ ಬಳಕೆಗೆ ತಂದವರು ಬಾಬಾತುಂಡೆ ಓಲತುಂಜಿಯವರು. 1927ರಲ್ಲಿ ನೈಜೀರಿಯದಲ್ಲಿ ಹುಟ್ಟಿ, 1950ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋದ ಇವರು, 1967ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಆಫ್ರಿಕ ಸಂಸ್ಕೃತಿಕೇಂದ್ರವೊಂದನ್ನು ಸ್ಥಾಪಿಸಿ ನೃತ್ಯವಾದನಗಳನ್ನು ಕಲಿಸಲು ಏರ್ಪಡಿಸಿದರು. 2003ರಲ್ಲಿ ದಿವಂಗತರಾದರು.

ಅವರ ಅಕ್ಷರಗಳು ಆರೇ: ಗುನ್, ದುನ್, ಗೋ, ದೋ, ಪ, ತ. ಮೊದಲಿನೆರಡು ಚರ್ಮದ ಮಧ್ಯದಲ್ಲಿ ಹುಟ್ಟುವ ಗಂಭೀರಧ್ವನಿಗೆ, ನಡುವಿನೆರಡು ಅಂಚಿನ ತೆರೆದ ನಾದಕ್ಕೆ, ಕಡೆಯವೆರಡು ಚಪೇಟಾಘಾತಕ್ಕೆ ಸಲ್ಲುವುವು. ಪ್ರತಿಯೊಂದು ಜೋಡಿಯಲ್ಲಿಯೂ ಮೊದಲನೆಯದು ಬಲಗೈಯದು, ಎರಡನೆಯದು ಎಡಗೈಯದು. ಶಿಕ್ಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಯೋಜನೆಯ ಚಮತ್ಕಾರವು ತಿಳಿಯುತ್ತದೆ. ಸ್ವರವು ನಾದದ ಜಾತಿಯನ್ನು ಹೇಳುತ್ತದೆ, ವ್ಯಂಜನವು ಹಸ್ತವನ್ನು ಹೇಳುತ್ತದೆ. ಅನುರಣನವುಳ್ಳ ನಾಲ್ಕಕ್ಕೆ ಘೋಷವರ್ಣಗಳು, ಶುಷ್ಕವಾದ ಎರಡಕ್ಕೆ ಅಘೋಷಗಳು. ಎಡಗೈಗೆ ಎಲ್ಲೆಲ್ಲಿಯೂ ದಂತ್ಯವೇ ಬಂದಿದೆ. ಬಲಗೈಯ ಕಂಠ್ಯವು ಮಾತ್ರ ಕಡೆಯಲ್ಲಿ ಓಷ್ಠ್ಯವಾಗಿ ಬದಲಾಗಿದೆ. ನಿಯಮನಿಷ್ಠನಾದ ವೈಯಾಕರಣನು ಅಲ್ಲಿ ಕಕಾರವನ್ನು ಕೇಳಿಯಾನು! ಆದರೂ ಉಚ್ಚರಿಸಿದೊಡನೆಯೇ ಕೈಗೆ ದಾರಿ ತೋರುವ ಗುಣವು ಇವುಗಳಲ್ಲಿದೆ.

ಆಕ್ಷೇಪಕ್ಕೆ ಎಡೆಯಿಲ್ಲದಿಲ್ಲ. ಯೊರುಬಾ ಭಾಷೆಯಲ್ಲಿ ಉಚ್ಚ, ಮಧ್ಯಮ, ನೀಚವೆಂಬ ಸ್ವರಭೇದದಿಂದಲೇ ಅರ್ಥಭೇದವುಂಟಾಗುತ್ತದೆ. ಡಮರುವಿನಾಕಾರದ ‘ಡುಂಡುನ್’ ವಾದ್ಯವು ಹುರಿಗಳ ಬಿಗಿತದಿಂದ ಆ ಭೇದವನ್ನು ಅನುಕರಿಸಿ ಮಾತನ್ನೇ ನುಡಿಯುತ್ತದೆ. ಅಲ್ಲಿ ವಾದ್ಯವು ಭಾಷೆಯ ಛಾಯೆ. ಇಲ್ಲಿಯ ಆರು ಅಕ್ಷರಗಳಾದರೋ ಯಾವ ಭಾಷೆಯ ಪದಗಳನ್ನೂ ನುಡಿಯಲಾರವು. ಹೀಗೆ ಅರ್ಥವನ್ನು ಕಳೆದು ಆಘಾತವನ್ನು ಮಾತ್ರ ಉಳಿಸಿದಂತಾಯಿತೆಂಬುದು ಪೂರ್ವಪಕ್ಷ.

ಆದರೆ ಆ ಅರ್ಥವನ್ನು ಕಳೆದವರು ಯಾರು? 1739ರಲ್ಲಿ ದಕ್ಷಿಣ ಕೆರೊಲೈನಾದ ಸ್ಟೋನೋ ಎಂಬಲ್ಲಿ ದಾಸರು ದಂಗೆಯೆದ್ದಾಗ ಭೇರಿಯನ್ನು ಬಾರಿಸಿ ಜನರನ್ನು ಕೂಡಿಸಿದರು. ಮರುವರ್ಷವೇ ಅಲ್ಲಿಯ ಶಾಸನವು ದಾಸರಿಗೆ ಭೇರಿಯನ್ನು ನಿಷೇಧಿಸಿತು. ಕಾಲಕ್ರಮದಲ್ಲಿ ಮಾತೃಭಾಷೆಗಳೂ ಹೋದುವು. ಅಂಥವರ ಸಂತತಿಗೆ ಯೊರುಬಾವನ್ನು ಮೊದಲು ಕಲಿತು ಬಳಿಕ ವಾದ್ಯವನ್ನು ಮುಟ್ಟಿರೆಂದು ವಿಧಿಸುವುದು, ಕಳೆದುಕೊಂಡವರಿಗೇ ದಂಡವನ್ನು ಹಾಕಿದಂತೆ. ಆದುದರಿಂದ ಈ ಆಕ್ಷೇಪವು ನಿಲ್ಲದು.

ನಿಲ್ಲುವ ಆಕ್ಷೇಪವು ಬೇರೆಯೊಂದಿದೆ. ಪಶ್ಚಿಮ ಆಫ್ರಿಕದ ಅನೇಕ ವಾದ್ಯವೃಂದಗಳಲ್ಲಿ ಕಬ್ಬಿಣದ ಘಂಟೆಯೊಂದು ನಮ್ಮ ಕಂಸತಾಳದಂತೆ ಆವರ್ತವನ್ನು ಹಿಡಿದಿರುತ್ತದೆ. ಒಂದೊಂದು ವಾದ್ಯವೂ ಅದನ್ನು ಆಶ್ರಯಿಸಿ ಬೇರೆ ಬೇರೆ ಎಡೆಗಳಲ್ಲಿ ಪ್ರವೇಶಿಸುತ್ತದೆ; ಮುಖ್ಯವಾದಕನು ನರ್ತಕರ ಹೆಜ್ಜೆಯನ್ನು ನೋಡುತ್ತ ನುಡಿಸುತ್ತಾನೆ. ಈ ಸಂಬಂಧವನ್ನು ಆರು ಅಕ್ಷರಗಳು ತಿಳಿಸಲಾರವು. ಅವನ್ನು ಪುಸ್ತಕದಿಂದ ಒಬ್ಬನೇ ಕುಳಿತು ಸಾಧಿಸಿದವನಿಗೆ ತನ್ನೆರಡು ಕೈಗಳ ವಿದ್ಯೆಯಷ್ಟೇ ಬಂದೀತು. ಘಂಟೆ, ವಾದ್ಯಗಳು, ಕುಣಿಯುವ ಕಾಲುಗಳು ಇವೆಲ್ಲವೂ ಒಂದೇ ಅಂಗಳದಲ್ಲಿ ಕೂಡಿದಾಗ ಮಾತ್ರ ಉಳಿದ ಭಾಗವು ಲಭಿಸುತ್ತದೆ.