ನೊರೆಗೆ ಬಂದ ಕೀರ್ತಿ

ಚಳಿದೇಶದಲ್ಲಿ ಕಾರು ಓಡಿಸುವವರ ಮನೆಮದ್ದುಗಳಲ್ಲಿ ಶೇವಿಂಗ್ ಫೋಮಿಗೆ ಇರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಮುಂಗಾಜಿನ ಒಳಮೈಗೆ ನೊರೆ ಬಳಿ, ಒಣಬಟ್ಟೆಯಿಂದ ಒರೆಸು, ಆಮೇಲೆ ಹಬೆ ಕಟ್ಟುವುದೇ ಇಲ್ಲ. ಪಾಠ ಇಷ್ಟೇ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿ ಮೂರು ಚಳಿಗಾಲ ಇದ್ದವನು ನಾನು. ಈ ಪಾಠ ಒಪ್ಪಿಸದ ಕನ್ನಡಿಗರನ್ನು ಅಲ್ಲಿ ಕಾಣಲಿಲ್ಲ. ಒಪ್ಪಿಸಿದವರೇ ಬೆಳಗ್ಗೆ ಸೀಟಿನಲ್ಲಿ ಮುದುಡಿ ಕೂತು, ಗಾಜಿನ ಒಳಗಡೆಯ ಹಿಮವನ್ನು ಕ್ರೆಡಿಟ್ ಕಾರ್ಡಿನಿಂದ ಕೆರೆಯುತ್ತಿದ್ದುದನ್ನೂ ಕಂಡಿದ್ದೇನೆ.

ತಣ್ಣನೆ ಗಾಜಿಗೆ ಬೆಚ್ಚನೆಯ ತೇವದ ಗಾಳಿ ತಾಗಿದರೆ ಏನಾಗುತ್ತದೆಂಬುದು ಬಿಸಿ ಹಾಲಿಗೆ ತಟ್ಟೆ ಮುಚ್ಚಿದವರಿಗೆಲ್ಲ ಗೊತ್ತು. ಅದನ್ನು ಬಿಟ್ಟು ನೇರ ನೊರೆಗೇ ಬರೋಣ.

ನೀರು ಬಿಟ್ಟರೆ ನೊರೆಯಲ್ಲಿ ಇರುವುದು ಮುಖ್ಯವಾಗಿ ಸಾಬೂನು. ಬಟ್ಟೆಯಿಂದ ಒರೆಸಿದ ಮೇಲೂ ಅದರ ತೆಳುಪೊರೆಯೊಂದು ಗಾಜಿನ ಮೇಲೆ ಉಳಿಯುತ್ತದೆ. ಆವಿ ಎಂದಿನಂತೆಯೇ ಬಂದು ನೀರಾಗುತ್ತದೆ. ಆದರೆ ಸಾವಿರಾರು ಹನಿಯಾಗಿ ಕೂರುವ ಬದಲು ಪೊರೆಯ ಮೇಲೆ ಹಾಳೆಯಂತೆ ಹರಡುತ್ತದೆ. ಹನಿ ಬೆಳಕನ್ನು ಚದುರಿಸುತ್ತದೆ, ಹಾಳೆ ಚದುರಿಸುವುದಿಲ್ಲ, ಹಾಗಾಗಿ ಗಾಜು ತಿಳಿಯಾಗಿ ಕಾಣುತ್ತದೆ. ಅಂದರೆ ನೊರೆ ನೀರನ್ನು ತಡೆಯುವುದಿಲ್ಲ, ಮರೆಸುತ್ತದೆ. ಈ ಒಂದು ವ್ಯತ್ಯಾಸವನ್ನು ಹೊಗಳುಭಟರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 5 ಡಿಗ್ರಿಯ ಊರಿನಲ್ಲಿ ಇದು ನಡೆದೀತು, ಬಚ್ಚಲಮನೆಯ ಕನ್ನಡಿಗಂತೂ ಚೆನ್ನಾಗಿಯೇ ಒಗ್ಗುತ್ತದೆ. ಮಿನ್ನಿಯಾಪೊಲಿಸ್‌ನ ಜನವರಿಯಲ್ಲಿ ಸರಾಸರಿ ಕನಿಷ್ಠ ತಾಪಮಾನವೇ ಸೊನ್ನೆಗಿಂತ 13 ಡಿಗ್ರಿ ಕೆಳಗೆ. ಅಲ್ಲಿ ಹರಡಿದ ನೀರು ಹರಡಿದ ಹಾಗೆಯೇ ಹೆಪ್ಪುಗಟ್ಟುತ್ತದೆ. ಮರೆಸಿಟ್ಟ ಸಾಲ ಬೆಳಗ್ಗೆ ಬಡ್ಡಿ ಸಮೇತ ಬಾಗಿಲಿಗೆ ಬಂದಂತೆ.

‘ಒರೆಸು’ ಎಂಬ ಮಾತನ್ನೂ ಸ್ವಲ್ಪ ಕೆದಕಬೇಕು. ಎಷ್ಟು ಒರೆಸಬೇಕು? ಚೆನ್ನಾಗಿ ಒರೆಸಿದರೆ ಪೊರೆಯೇ ಹೋಗುತ್ತದೆ. ಕಡಿಮೆ ಒರೆಸಿದರೆ ಗೆರೆ ಉಳಿದು, ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದಾಗ ಗಾಜಿನ ತುಂಬ ಬೆಳಕಿನ ಬಲೆ ಹೆಣೆದಂತಾಗುತ್ತದೆ. ಸಾಲದ್ದಕ್ಕೆ, ಹರಿದುಹೋಗುವ ನೀರು ಸಾಬೂನನ್ನೂ ಕರಗಿಸಿಕೊಂಡು ಹೋಗುತ್ತದೆ. ಕೆಲಸ ಮಾಡಿದಷ್ಟೂ ಸವೆಯುವ ಮದ್ದು ಇದು.

ನೊರೆಯ ವಕೀಲರು ಇಲ್ಲಿ ಗಗನಯಾತ್ರಿಗಳನ್ನು ಸಾಕ್ಷಿಗೆ ಕರೆಯುತ್ತಾರೆ. 1966ರ ಜೂನ್‌ನಲ್ಲಿ, ಜೆಮಿನಿ 9ಎ ಯಾನದಲ್ಲಿ, ನೌಕೆಯಿಂದ ಹೊರಬಂದ ಯೂಜೀನ್ ಸೆರ್ನನ್ ಅವರ ಮುಖಗಾಜಿಗೆ ಹಬೆ ಕಟ್ಟಿ ಕಣ್ಣೇ ಕಾಣದಂತಾಯಿತು. ಮುಂದಿನ ಯಾನಗಳಲ್ಲಿ ಗಾಜಿಗೆ ಹಬೆನಿರೋಧಕ ಲೇಪ ಹಚ್ಚಿದರು. ಸಾಕ್ಷಿ ನಿಜ, ಮೊಕದ್ದಮೆ ಬೇರೆ. ಸೆರ್ನನ್‌ಗೆ ಕಿಟಕಿ ತೆರೆಯುವ ಸೌಲಭ್ಯವಿರಲಿಲ್ಲ.

ತೇವ ಹೀರುವ ಚೀಲವನ್ನು ಕಾರಿನಲ್ಲಿಡುವ ಪಕ್ಷದವರು ನೊರೆಯವರಿಗಿಂತ ಪ್ರಾಮಾಣಿಕರು, ಅವರು ನೀರನ್ನು ನಿಜವಾಗಿಯೂ ಹಿಡಿಯಹೊರಟವರು. ಆದರೆ ಲೆಕ್ಕದಲ್ಲಿ ಹಿಂದೆ. ಅರ್ಧ ಕಿಲೋ ಸಿಲಿಕಾ ಜೆಲ್ ಎಷ್ಟೇ ಕಷ್ಟಪಟ್ಟರೂ 200 ಗ್ರಾಂ ನೀರಿನ ಆಚೆಗೆ ಹೀರದು. ಇಬ್ಬರ ಉಸಿರು, ಚರ್ಮ ಸೇರಿ ಗಂಟೆಗೆ 60 ಗ್ರಾಂ ಆಸುಪಾಸು ಬಿಡುತ್ತವೆ. ಬೂಟಿನ ಹಿಮ ಕರಗಿ ಮ್ಯಾಟಿನಲ್ಲಿ ನಿಲ್ಲುವ ನೀರು ಇದರ ಮೇಲೆ. ವಾರಗಟ್ಟಲೆ ನಿಂತೇ ಇರುವ ಕಾರಿಗೆ ಚೀಲ ಒಳ್ಳೆಯದೇ. ಕಾಲುಚೀಲದಲ್ಲಿ ಬೆಕ್ಕಿನ ಕಕ್ಕಸಿನ ಮಣ್ಣು ತುಂಬಿ ಡ್ಯಾಶ್‌ಬೋರ್ಡಿನ ಮೇಲೆ ಮಲಗಿಸುವವರ ಬಗ್ಗೆ ನಾನು ಮಾತಾಡುವುದಿಲ್ಲ.

ನನ್ನ ನಿಜವಾದ ಜಗಳ ಎ.ಸಿ. ಪಂಥದ ಅಂಕಣಕಾರರ ಜೊತೆ. ‘ಹೀಟರ್ ಜೊತೆಗೆ ಎ.ಸಿ. ಹಾಕಿ, ಗಾಳಿ ಒಣಗುತ್ತದೆ’ ಎಂದು ಎಲ್ಲ ಊರಿಗೂ ಒಂದೇ ಚೀಟಿ ಬರೆದುಕೊಡುತ್ತಾರೆ. ಲಂಡನ್ನಿನ ಮಳೆಗೆ ಇದು ಸರಿ. ಆದರೆ ಸೊನ್ನೆಯ ಹತ್ತಿರ ಬಂದರೆ ಎಷ್ಟೋ ಕಾರುಗಳಲ್ಲಿ ಕಂಪ್ರೆಸರ್ ಓಡುವುದೇ ಇಲ್ಲ, ಗುಂಡಿಯ ದೀಪ ಮಾತ್ರ ಉರಿಯುತ್ತಿರುತ್ತದೆ. ಅಲ್ಲಿ ಅದರ ಅಗತ್ಯವೂ ಇಲ್ಲ. ಸೊನ್ನೆಗಿಂತ 13 ಡಿಗ್ರಿ ಕೆಳಗಿನ ಒಂದು ಘನ ಮೀಟರ್ ಗಾಳಿಯಲ್ಲಿ 2 ಗ್ರಾಂ ಆವಿಯೂ ಇರದು. 20 ಡಿಗ್ರಿಯಲ್ಲಿ ಅಷ್ಟೇ ಗಾಳಿ 17 ಗ್ರಾಂ ಹಿಡಿಯಬಲ್ಲದು. ಹೊರಗಿನ ಗಾಳಿಯನ್ನು ಒಳಗೆ ಎಳೆದು ಬಿಸಿ ಮಾಡಿದರೆ ಸಾಕು, ಅದು ಬಾಯಾರಿದ ಹಸುವಿನಂತೆ ಗಾಜನ್ನು ನೆಕ್ಕಿ ಒಣಗಿಸುತ್ತದೆ. ಇದಕ್ಕೆ ಅಡ್ಡ ನಿಲ್ಲುವುದು ಒಂದೇ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ರೀಸರ್ಕ್ಯುಲೇಶನ್ ಗುಂಡಿ. ನಮ್ಮವರು ಎಡವುವುದೂ ಇಲ್ಲೇ. ಬೆಂಗಳೂರಿನ ಧೂಳು, ಹೊಗೆಗೆ ಹೆದರಿ ವರ್ಷವಿಡೀ ಆ ಗುಂಡಿ ಒತ್ತಿಯೇ ಓಡಿಸಿದ ಬೆರಳು ಮಿನ್ನಿಯಾಪೊಲಿಸ್‌ನಲ್ಲೂ ತಾನಾಗಿ ಅಲ್ಲಿಗೇ ಹೋಗುತ್ತದೆ. ಬೇಗ ಬೆಚ್ಚಗಾಗುತ್ತದೆ, ಸರಿ. ತಮ್ಮದೇ ಉಸಿರು ತಮ್ಮ ಸುತ್ತಲೇ ಸುತ್ತಿ ಗಾಜಿಗೆ ಅಂಟುತ್ತಿರುತ್ತದೆ. ಚಾರ್ಮಾಡಿ ಘಾಟಿಯ ಮಳೆಗಾಲದಲ್ಲಿ ಎ.ಸಿ.ಗೆ ತಣ್ಣಗಾದ ಗಾಜಿನ ಹೊರಮೈ ಬೆವರುತ್ತದೆ, ವೈಪರ್ ಒಮ್ಮೆ ಆಡಿದರೆ ಮುಗಿಯಿತು. ಆ ಅನುಭವದ ಮೇಲೆ ಮಿನ್ನೆಸೋಟಕ್ಕೆ ಸಲಹೆ ಬರೆಯುವವರಿಗೆ ನನ್ನ ನಮಸ್ಕಾರ.

ಯಾರೂ ಹೊಗಳದ, ಯಾರೂ ಮಾರದ ವಿಧಾನವೊಂದಿದೆ. ಹತ್ತುವ ಮೊದಲು ಬೂಟನ್ನು ಒಂದಕ್ಕೊಂದು ಬಡಿದು ಹಿಮ ಕೊಡವುವುದು, ತಟ್ಟೆಯಂಥ ರಬ್ಬರ್ ಮ್ಯಾಟು ಹಾಕಿ ನಿಂತ ನೀರನ್ನು ಸಂಜೆ ಚೆಲ್ಲುವುದು. ಇಳಿದ ಮೇಲೆ ಒಂದು ನಿಮಿಷ ಬಾಗಿಲುಗಳನ್ನೆಲ್ಲ ತೆರೆದಿಡುವುದು. ಕಾರಿನೊಳಗೆ ಇರುವುದು ಸುಮಾರು 3 ಘನ ಮೀಟರ್ ಗಾಳಿ. 20 ಡಿಗ್ರಿಯ, ಸಾಧಾರಣ ತೇವದ ಆ ಗಾಳಿಯಲ್ಲಿ 20 ಗ್ರಾಂನಷ್ಟು ಆವಿ ಇರುತ್ತದೆ. ಅದನ್ನು ಬೀದಿಯ ಗಾಳಿಗೆ ಬದಲಾಯಿಸಿಕೊಂಡರೆ ಉಳಿಯುವುದು ಐದಾರು ಗ್ರಾಂ. ಬಾಗಿಲು ಮುಚ್ಚಿ ಹೋದರೆ ಆ ವ್ಯತ್ಯಾಸದ ಒಂದು ಪಾಲು ರಾತ್ರಿ ಗಾಜಿನ ಒಳಮೈಗೆ ಹಿಮವಾಗಿ ಕೂರುತ್ತದೆ.

ಎರಡನೆಯ ಚಳಿಗಾಲದಿಂದ ನಾನು ಮಾಡಿದ್ದು ಇದನ್ನೇ. ಕೆಲಸದಿಂದ ಬಂದು ನಾಲ್ಕೂ ಬಾಗಿಲು ತೆರೆದು, ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಮದಲ್ಲಿ ನಿಂತಿರುತ್ತಿದ್ದೆ. ಎದುರುಮನೆಯ ಮುದುಕರು ಮೊದಮೊದಲು ಏನು ಕಳೆದುಕೊಂಡಿರಿ ಎಂದು ಟಾರ್ಚು ಹಿಡಿದು ಬರುತ್ತಿದ್ದರು.