ಕಕ್ಷೆಯಲ್ಲಿ ಬಿಟ್ಟುಬಂದ ಬಳೆ

2002ರಲ್ಲಿ ಬಂದ ‘ಸ್ಟಾರ್ ವಾರ್ಸ್: ಅಟ್ಯಾಕ್ ಆಫ್ ದಿ ಕ್ಲೋನ್ಸ್’ ಎಂದರೆ ಕಳಪೆ ಬರವಣಿಗೆಯ ಸಿನಿಮಾ ಎಂಬ ಮಾತು ಗಟ್ಟಿಯಾಗಿ ಕೂತುಬಿಟ್ಟಿದೆ. ಆ ವರ್ಷದ ಅತಿ ಕೆಟ್ಟ ಚಿತ್ರಕಥೆಯ ರಾಝಿ ಪ್ರಶಸ್ತಿಯೂ ಅದಕ್ಕೇ ಸಂದಿತು. ಪ್ರೇಮದ ದೃಶ್ಯಗಳ ಮಟ್ಟಿಗೆ ನನ್ನ ತಕರಾರಿಲ್ಲ. ಆದರೆ ಅದೇ ಚಿತ್ರಕಥೆಯಲ್ಲಿ ನಿರ್ದೇಶಕ ಜಾರ್ಜ್ ಲೂಕಾಸ್ ವಿವರಣೆಯ ಒಂದು ಮಾತೂ ಇಲ್ಲದೆ ಸಾಧಿಸಿದ ಒಂದು ಸಂಗತಿಯನ್ನು ನಮ್ಮ ವಿಮರ್ಶಕರು ಕಣ್ಣೆತ್ತಿ ನೋಡಿಲ್ಲ: ಹೈಪರ್‌ಡ್ರೈವ್ ಬಳೆ.

ಚಿತ್ರದ ನಾಯಕರಲ್ಲೊಬ್ಬನಾದ ಓಬಿ-ವಾನ್ ಕೆನೋಬಿಯ ನೌಕೆ ಒಬ್ಬನೇ ಕೂರುವಷ್ಟು ಚಿಕ್ಕದು. ಜೊತೆಗಿರುವ ರೋಬಾಟಿಗೂ ಅದರಲ್ಲಿ ಮೈಯಿಡಲು ಜಾಗವಿಲ್ಲ. ರೆಕ್ಕೆಯ ಮೇಲೆ ಬರೀ ತಲೆ ಕಾಣುತ್ತದೆ. ಬೆಳಕನ್ನು ಮೀರಿ ಓಡುವ ಎಂಜಿನ್ ಇಂಥದ್ದರೊಳಗೆ ಎಲ್ಲಿ ಹಿಡಿಸೀತು? ಅದಕ್ಕೇ ಅದು ಹೊರಗಿದೆ, ಎರಡು ಎಂಜಿನ್ ಹೊತ್ತ ಬಳೆಯಾಗಿ. ನೌಕೆ ಅದರ ನಡುವೆ ಕಚ್ಚಿಕೊಂಡು ನಕ್ಷತ್ರಗಳನ್ನು ದಾಟುತ್ತದೆ. ಕಮಿನೊ ಗ್ರಹ ಬಂದೊಡನೆ ಬಳೆಯನ್ನು ಮೇಲೆಯೇ ಬಿಟ್ಟು ಕೆಳಗಿಳಿಯುತ್ತದೆ.

ಆ ಕಳಚಿಕೊಳ್ಳುವ ಗಳಿಗೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೊಗ ಬಿಚ್ಚಿದ ಎತ್ತಿನಂತೆ ನೌಕೆ ಹಗುರಾಗುತ್ತದೆ. ಆದರೆ ಹಗುರಾದದ್ದಕ್ಕೆ ತೆತ್ತ ಬೆಲೆ ಕಣ್ಣೆದುರೇ ಇದೆ: ಮನೆಗೆ ಮರಳುವ ದಾರಿ ಹಿಂದೆ ಉಳಿಯಿತು. ಕೆಳಗೆ ಗ್ರಂಥಾಲಯದ ದಾಖಲೆಯಿಂದಲೇ ಅಳಿಸಿಹೋದ ಗ್ರಹ, ಎಡೆಬಿಡದ ಮಳೆ, ಒಬ್ಬಂಟಿ ಮನುಷ್ಯ. ಈ ಒಂಟಿತನವನ್ನು ಹೇಳಲು ಸಂಭಾಷಣೆ ಬೇಕಾಗಲಿಲ್ಲ. ಮುಂದೆ ಇನ್ನೊಂದು ಗ್ರಹವಾದ ಜಿಯೊನೋಸಿಸ್‌ನಲ್ಲಿಯೂ ಇದೇ ತರ್ಕ. ಆ ಪುಟ್ಟ ನೌಕೆಯಿಂದ ಕಳಿಸಿದ ಸಂದೇಶ ರಾಜಧಾನಿಯನ್ನು ಮುಟ್ಟುವುದಿಲ್ಲ. ಶಿಷ್ಯ ಅನಾಕಿನ್ ಮೂಲಕ ದಾಟಿಸಬೇಕು. ಅದರಿಂದಲೇ ಅನಾಕಿನ್ ಸೆರೆಸಿಕ್ಕ ಗುರುವನ್ನು ಬಿಡಿಸಲು ಹೊರಡುತ್ತಾನೆ. ಕಥೆ ಮುಂದೆ ಸಾಗುವುದೇ ಯಂತ್ರದ ಮಿತಿಯಿಂದ.

ಸರಣಿಯ 1977ರ ಮೊದಲ ಚಿತ್ರವನ್ನು ನೆನೆಯಿರಿ. ಶತ್ರುವಿನ ಪುಟ್ಟ ನೌಕೆಯೊಂದನ್ನು ಕಂಡ ಮುದಿ ಓಬಿ-ವಾನ್, ಇಷ್ಟು ಚಿಕ್ಕದು ತಾನಾಗಿ ಇಷ್ಟು ದೂರ ಬಂದಿರಲಾರದು ಎನ್ನುತ್ತಾನೆ. ಅಲ್ಲಿ ಅದು ಬರೀ ಊಹೆ ಅನ್ನಿಸಿತ್ತು. 25 ವರ್ಷಗಳ ನಂತರ ಬಳೆ ಬಂದಮೇಲೆ ಅದು ಅನುಭವದ ಮಾತಾಯಿತು. 1980ರ ಚಿತ್ರದಲ್ಲಿ ನಾಯಕ ಲ್ಯೂಕ್‌ನ ಪುಟ್ಟ ನೌಕೆ ಎಕ್ಸ್-ವಿಂಗ್ ಯಾವ ಬಳೆಯೂ ಇಲ್ಲದೆ ಡಾಗೊಬಾ ಗ್ರಹ ತಲುಪುತ್ತದೆ. ಎರಡರ ನಡುವೆ ಒಂದು ತಲೆಮಾರಿನ ತಂತ್ರಜ್ಞಾನದ ಚರಿತ್ರೆಯೇ ಇದೆ.

ಐನ್‌ಸ್ಟೈನ್‌ರ 1905ರ ಸಾಪೇಕ್ಷತಾ ಸಿದ್ಧಾಂತವನ್ನು ಮುಂದಿಟ್ಟು ಇದೆಲ್ಲ ಸುಳ್ಳು ಎನ್ನುವವರಿದ್ದಾರೆ. ಆಟಿಕೆ ಮಾರಲು ಮಾಡಿದ್ದು ಎನ್ನುವವರೂ ಇದ್ದಾರೆ. ಎರಡನೆಯವರಿಗೆ ನನ್ನ ಉತ್ತರ: ಆಟಿಕೆ ಮಾರಲು ನೌಕೆಯೊಂದೇ ಸಾಕಿತ್ತು. ಮೊದಲನೆಯವರು ಕೇಳುತ್ತಿರುವುದೇ ತಪ್ಪು ಪ್ರಶ್ನೆ. ಬೆಳಕನ್ನು ಮೀರುವುದು ಹೇಗೆಂದು ಯಾವ ಕಥೆಗಾರನೂ ಹೇಳಲಾರ. ಮೀರಿದರೆ ಏನು ತೆರಬೇಕು ಎಂಬುದನ್ನಷ್ಟೇ ಹೇಳಬಲ್ಲ. ಅದಿಲ್ಲದಿದ್ದರೆ ವೇಗವೆಂಬುದು ಬರೀ ಮಂತ್ರ.

ಒಂದು ಕೊರತೆಯನ್ನು ಒಪ್ಪುತ್ತೇನೆ. ಈ ಚಿತ್ರದಲ್ಲಿ ಆ ಬಳೆಯನ್ನು ಯಾರೂ ಒಡೆಯುವುದಿಲ್ಲ, ಕದಿಯುವುದೂ ಇಲ್ಲ. ಎಂಥ ಸನ್ನಿವೇಶ ಕೈತಪ್ಪಿತು! ಆದರೂ ಕಮಿನೊದ ಮೇಲಿನ ಆ ಕೆಲವು ಕ್ಷಣಗಳ ಮಟ್ಟಿಗೆ ರಾಝಿಯ ತೀರ್ಪು ತಪ್ಪು.